ಹೊಸ ಪ್ಯಾಕೇಜ್ ಎಸಿ: ಗ್ಯಾಸ್ ಹಾಕುವ ಮೊದಲು ಗಾಳಿ ನೋಡಿ

ಪ್ರಶ್ನೆ: ಸರ್, ನಮಸ್ಕಾರ. 10 ಟನ್‌ನ ಹೊಸ ಪ್ಯಾಕೇಜ್ ಯೂನಿಟ್ (ಎಲ್ಲ ಭಾಗಗಳೂ ಒಂದೇ ಪೆಟ್ಟಿಗೆಯಲ್ಲಿರುವ ಎಸಿ) ಒಂದನ್ನು ತಾರಸಿ ಮೇಲೆ ಕೂರಿಸಿದ್ದೇವೆ. ಆರ್-410ಎ ಗ್ಯಾಸ್, ತ್ರೀ ಫೇಸ್, ಸ್ಕ್ರಾಲ್ ಕಂಪ್ರೆಸರ್, ಬೆಲ್ಟ್ ಬ್ಲೋವರ್. ಮೊದಲ ಸಲ ಆನ್ ಮಾಡಿದಾಗ ಕಂಪ್ರೆಸರ್ ಗರಗರ ಸದ್ದು ಮಾಡಿತು, ಗೇಜಿನ ಮುಳ್ಳುಗಳು ಅಲ್ಲಾಡಲೇ ಇಲ್ಲ. ಎಲೆಕ್ಟ್ರಿಷಿಯನ್ ಕಂಪ್ರೆಸರ್ ಕಾಂಟ್ಯಾಕ್ಟರ್‌ನಲ್ಲಿ (ಅದಕ್ಕೆ ಕರೆಂಟ್ ಕೊಡುವ ಸ್ವಿಚ್‌ನಲ್ಲಿ) ಎರಡು ವೈರ್ ಅದಲು ಬದಲು ಮಾಡಿದ ಮೇಲೆ ಅದು ಸರಿಹೋಯಿತು. ಈಗ ಸಕ್ಷನ್ (ಕಂಪ್ರೆಸರ್‌ಗೆ ಗ್ಯಾಸ್ ಬರುವ ಬದಿಯ ಒತ್ತಡ) 95 ಪಿಎಸ್‌ಐ ಇದೆ, ಡಿಸ್ಚಾರ್ಜ್‌ನಲ್ಲಿ (ಹೊರಹೋಗುವ ಬದಿಯಲ್ಲಿ) ಗಾಬರಿಪಡುವಂಥದ್ದೇನೂ ಇಲ್ಲ. ರಿಟರ್ನ್ ಗಾಳಿ 26 ಡಿಗ್ರಿ, ಸಪ್ಲೈ 11 ಡಿಗ್ರಿ. ಆದರೂ ಹಾಲ್ ತಂಪಾಗುತ್ತಿಲ್ಲ. ಕೊನೆಯ ಗ್ರಿಲ್‌ಗಳ ಕೆಳಗೆ ನಿಂತರೆ ಗಾಳಿಯೇ ತಾಗುವುದಿಲ್ಲ. ಸ್ವಲ್ಪ ಹೊತ್ತು ಓಡಿದರೆ ಸಕ್ಷನ್ ಪೈಪ್ ಮೇಲೆ ಐಸ್ ಕಟ್ಟುತ್ತದೆ. ಬ್ಲೋವರ್ ಮೋಟಾರ್ 2.6 ಆಂಪ್ ತೆಗೆದುಕೊಳ್ಳುತ್ತಿದೆ, ಪ್ಲೇಟ್ ಮೇಲೆ 4.8 ಎಂದಿದೆ. ಜೊತೆಗಿರುವವರು ಎರಡು ಕೆ.ಜಿ. ಗ್ಯಾಸ್ ಹಾಕಿ ಎನ್ನುತ್ತಿದ್ದಾರೆ. ಹಾಕಬಹುದಾ?

ಉತ್ತರ: ದಯವಿಟ್ಟು ಹಾಕಬೇಡಿ. ಸಿಲಿಂಡರ್ ಮುಟ್ಟುವ ಮೊದಲು ನೀವೇ ಕೊಟ್ಟಿರುವ ಅಂಕಿಗಳನ್ನು ಒಟ್ಟಿಗೆ ಇಟ್ಟು ನೋಡಿ, ಉತ್ತರ ಅದರಲ್ಲೇ ಇದೆ.

ಗ್ಯಾಸ್ ಕಮ್ಮಿಯಿದ್ದರೆ ಸಕ್ಷನ್ ಪ್ರೆಶರ್ ಬೀಳುತ್ತದೆ, ನಿಜ. ಆದರೆ ಆಗ ಕಾಯಿಲ್ (ಗಾಳಿಯನ್ನು ತಂಪು ಮಾಡುವ ಪೈಪುಗಳ ಜಾಲ) ತನ್ನ ಪೂರ್ತಿ ಕೆಲಸ ಮಾಡುವುದಿಲ್ಲ, ರಿಟರ್ನ್‌ಗೂ ಸಪ್ಲೈಗೂ ನಡುವಿನ ವ್ಯತ್ಯಾಸ ಕುಗ್ಗಬೇಕು. ನಿಮ್ಮಲ್ಲಿ 15 ಡಿಗ್ರಿ ವ್ಯತ್ಯಾಸ ಇದೆ. ಸಾಮಾನ್ಯವಾಗಿ 8ರಿಂದ 11 ಡಿಗ್ರಿ ಇದ್ದರೆ ಸರಿ. ಸಕ್ಷನ್ ಬಿದ್ದಿದೆ, ವ್ಯತ್ಯಾಸ ಹಿಗ್ಗಿದೆ ಎಂದರೆ ಕಾಯಿಲ್ ಮೇಲೆ ಗಾಳಿ ಸಾಲುತ್ತಿಲ್ಲ. ಆರ್-410ಎ 95 ಪಿಎಸ್‌ಐನಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಕುದಿಯುತ್ತದೆ, ಐಸ್ ಕಟ್ಟುವುದು ಅದಕ್ಕೇ. ಟನ್ನಿಗೆ 400 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿ) ಲೆಕ್ಕ ಹಿಡಿದರೆ ನಿಮಗೆ 4,000 ಸಿಎಫ್‌ಎಂ ಬೇಕು. ಬ್ಲೋವರ್ ಆಂಪ್ ನೋಡಿದರೆ ಅದರ ಹತ್ತಿರಕ್ಕೂ ಹೋಗುತ್ತಿಲ್ಲ ಅನಿಸುತ್ತದೆ. ಗಾಳಿ ಕಮ್ಮಿ ತಳ್ಳಿದರೆ ಈ ಜಾತಿಯ ಬ್ಲೋವರ್ ಕರೆಂಟನ್ನೂ ಕಮ್ಮಿಯೇ ತೆಗೆದುಕೊಳ್ಳುತ್ತದೆ.

ನನ್ನ ಅನುಮಾನ ಆ ವೈರ್ ಬದಲಾವಣೆಯ ಮೇಲೆ. ಫ್ಯಾಕ್ಟರಿಯಲ್ಲಿ ಯೂನಿಟ್ ಒಳಗಿನ ತ್ರೀ ಫೇಸ್ ಮೋಟಾರುಗಳನ್ನೆಲ್ಲ ಒಂದೇ ಫೇಸ್ ಕ್ರಮಕ್ಕೆ ಹೊಂದಿಸಿ ಕಳಿಸಿರುತ್ತಾರೆ. ಕಂಪ್ರೆಸರ್ ಉಲ್ಟಾ ತಿರುಗಿತ್ತು ಎಂದರೆ ಒಳಬರುವ ಕರೆಂಟ್ ಸಪ್ಲೈ ಕ್ರಮವೇ ಉಲ್ಟಾ ಇತ್ತು, ಬ್ಲೋವರ್ ಕೂಡ ಉಲ್ಟಾ ತಿರುಗುತ್ತಿತ್ತು. ಕಂಪ್ರೆಸರ್ ಒಂದನ್ನು ಮಾತ್ರ ಸರಿಮಾಡಿದ್ದೀರಿ, ಬ್ಲೋವರ್ ಈಗಲೂ ಹಾಗೇ ಇದೆ. ಉಲ್ಟಾ ತಿರುಗಿದರೂ ಸೆಂಟ್ರಿಫ್ಯೂಗಲ್ ಬ್ಲೋವರ್ ಗಾಳಿಯನ್ನು ಅದೇ ಬಾಯಿಂದ ಹೊರಗೆ ಬಿಡುತ್ತದೆ, ಪ್ರಮಾಣ ಮಾತ್ರ ಕುಸಿಯುತ್ತದೆ. ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ. ನಿಮ್ಮ ಕಂಡೆನ್ಸರ್ ಫ್ಯಾನ್ (ಬಿಸಿಯನ್ನು ಹೊರಬಿಡುವ ಬದಿಯ ಫ್ಯಾನ್) ಸಿಂಗಲ್ ಫೇಸ್ ಇರಬೇಕು, ಇಲ್ಲದಿದ್ದರೆ ಡಿಸ್ಚಾರ್ಜ್ ಪ್ರೆಶರ್ ಏರಿ ಈಗಾಗಲೇ ಟ್ರಿಪ್ ಆಗುತ್ತಿತ್ತು.

ಮೇನ್ ಆಫ್ ಮಾಡಿ, ಲಾಕ್ ಹಾಕಿ, ಕರೆಂಟ್ ಇಲ್ಲವೆಂದು ಮೀಟರ್ ಇಟ್ಟು ನೋಡಿಕೊಳ್ಳಿ. ಕಂಪ್ರೆಸರ್ ವೈರುಗಳನ್ನು ಮೊದಲಿದ್ದ ಜಾಗಕ್ಕೇ ವಾಪಸ್ ಹಾಕಿ. ಆಮೇಲೆ ಯೂನಿಟ್‌ಗೆ ಕೇಬಲ್ ಬಂದು ಸೇರುವ ಮೇನ್ ಟರ್ಮಿನಲ್‌ನಲ್ಲಿ ಯಾವುದಾದರೂ ಎರಡು ಫೇಸ್ ಬದಲಿಸಿ. ಬ್ಲೋವರ್ ಮೈಮೇಲಿನ ಬಾಣದ ಗುರುತನ್ನೂ ಚಕ್ರ ನಿಲ್ಲುವಾಗ ಅದು ತಿರುಗುವ ದಿಕ್ಕನ್ನೂ ಕಣ್ಣಾರೆ ನೋಡಿ. ಐಸ್ ಕರಗುವವರೆಗೆ ಫ್ಯಾನ್ ಮಾತ್ರ ಓಡಿಸಿ, ಆಮೇಲೆ ಕೂಲಿಂಗ್ ಹಾಕಿ.

ಅದೇ ಸದಸ್ಯರು: ಸರ್, ನೀವು ಹೇಳಿದ್ದೇ ನಿಜ, ಬ್ಲೋವರ್ ಬಾಣಕ್ಕೆ ಎದುರು ತಿರುಗುತ್ತಿತ್ತು. ಈಗ 4.3 ಆಂಪ್, ಸಕ್ಷನ್ 122, ವ್ಯತ್ಯಾಸ 10 ಡಿಗ್ರಿ. ಕೊನೆಯ ಗ್ರಿಲ್‌ವರೆಗೂ ಗಾಳಿ ಬರುತ್ತಿದೆ. ಆದರೆ ಹೊಸ ತೊಂದರೆ ಶುರುವಾಗಿದೆ. ಮೊದಲು ಇಲ್ಲದ ನೀರು ಈಗ ಡಕ್ಟ್ ಒಳಗೆ ಸೋರುತ್ತಿದೆ. ಯೂನಿಟ್ ಆಫ್ ಮಾಡಿದರೆ ಡ್ರೈನ್ ಪೈಪಿನಿಂದ ಒಮ್ಮೆಲೇ ನೀರು ನುಗ್ಗಿ ಬರುತ್ತದೆ.

ಉತ್ತರ: ಓಡುವಾಗ ನೀರು ನಿಂತು, ಆಫ್ ಮಾಡಿದಾಗ ಸುರಿದರೆ ಟ್ರ್ಯಾಪ್ (ನೀರು ನಿಂತು ಗಾಳಿಯನ್ನು ತಡೆಯುವ ಡ್ರೈನ್ ಪೈಪಿನ ಬಾಗು) ಇಲ್ಲ, ಅಥವಾ ಇರುವ ಟ್ರ್ಯಾಪ್‌ನ ಆಳ ಸಾಲದು. ನಿಮ್ಮ ಯೂನಿಟ್‌ನಲ್ಲಿ ಕಾಯಿಲ್ ಬ್ಲೋವರ್‌ನ ಹಿಂದೆ, ಅಂದರೆ ಬ್ಲೋವರ್ ಎಳೆದುಕೊಳ್ಳುವ ಬದಿಯಲ್ಲಿದೆ. ಡ್ರೈನ್ ಪ್ಯಾನ್ (ಕಾಯಿಲ್‌ನಿಂದ ಬೀಳುವ ನೀರು ಹಿಡಿಯುವ ತಟ್ಟೆ) ಇರುವ ಜಾಗದ ಒತ್ತಡ ಹೊರಗಿನದಕ್ಕಿಂತ ಕಮ್ಮಿ. ಹಾಗಾಗಿ ಪೈಪಿನೊಳಗಿಂದ ಗಾಳಿ ಮೇಲಕ್ಕೆ ನುಗ್ಗಿ ನೀರನ್ನು ಇಳಿಯಲು ಬಿಡುವುದಿಲ್ಲ. ಬ್ಲೋವರ್ ಉಲ್ಟಾ ಇದ್ದಾಗ ಈ ಎಳೆತ ಕಮ್ಮಿಯಿತ್ತು, ಅದಕ್ಕೇ ದೋಷ ಮುಚ್ಚಿಹೋಗಿತ್ತು.

ಮ್ಯಾನೋಮೀಟರ್‌ನಿಂದ ಡ್ರೈನ್ ಪ್ಯಾನ್ ಇರುವ ಕಂಪಾರ್ಟ್‌ಮೆಂಟಿನ ಒತ್ತಡ ಅಳೆಯಿರಿ. ಫಿಲ್ಟರ್ ಕೊಳೆಯಾದಾಗ ಎಳೆತ ಇನ್ನೂ ಹೆಚ್ಚುತ್ತದೆ, ಅದಕ್ಕೂ ಸ್ವಲ್ಪ ಸೇರಿಸಿಕೊಳ್ಳಿ. ಅದು 2 ಇಂಚು ನೀರಿನ ಒತ್ತಡ ಬಂತು ಎಂದಿಟ್ಟುಕೊಳ್ಳಿ. ಪ್ಯಾನಿನ ಡ್ರೈನ್ ಬಾಯಿಗಿಂತ ಟ್ರ್ಯಾಪಿನ ಹೊರಬಾಯಿ 2ಕ್ಕೆ 1 ಸೇರಿಸಿ 3 ಇಂಚು ಕೆಳಗಿರಬೇಕು. ಟ್ರ್ಯಾಪಿನಲ್ಲಿ ನಿಲ್ಲುವ ನೀರಿನ ಸೀಲ್ ಅದರ ಅರ್ಧ, ಒಂದೂವರೆ ಇಂಚು. ಇಷ್ಟು ಆಳ ಸಿಗಬೇಕಾದರೆ ಯೂನಿಟ್ ನೆಲದಿಂದ ಎತ್ತರದಲ್ಲಿ ಕೂತಿರಬೇಕು. ಎಷ್ಟೋ ಕಡೆ ಯೂನಿಟ್ ಕೂರಿಸಿದ ಮೇಲೆ ಪ್ಲಂಬರ್‌ಗೆ ಜಾಗವೇ ಉಳಿದಿರುವುದಿಲ್ಲ. ಸ್ಟ್ಯಾಂಡ್ ಎತ್ತರ ನಿಶ್ಚಯಿಸುವ ದಿನವೇ ಟ್ರ್ಯಾಪ್ ಲೆಕ್ಕ ಆಗಬೇಕು.

ಟ್ರ್ಯಾಪ್ ಆದಮೇಲೆ ಮುಂದಿನ ಪೈಪಿನಲ್ಲಿ ಗಾಳಿಗೆ ಒಂದು ತೆರೆದ ಬಾಯಿ ಕೊಡಿ, ಟ್ರ್ಯಾಪಿಗೆ ಮೊದಲು ಕೊಡಬೇಡಿ. ಅದೇ ಲೈನಿನಲ್ಲಿ ಎರಡನೇ ಟ್ರ್ಯಾಪ್ ಬೇಡ. ಟ್ರ್ಯಾಪಿಗೆ ನೀರು ತುಂಬಿಸಿದ ಮೇಲೆಯೇ ಯೂನಿಟ್ ಶುರು ಮಾಡಿ. ಆಮೇಲೆ ಬ್ಲೋವರ್ ಓಡುತ್ತಿರುವಾಗಲೇ ಪ್ಯಾನಿಗೆ ನಿಧಾನವಾಗಿ ನೀರು ಸುರಿದು ನೋಡಿ. ಬ್ಲೋವರ್ ನಿಲ್ಲಿಸಿ ಮಾಡಿದ ಡ್ರೈನ್ ಟೆಸ್ಟ್ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇನ್ನೊಬ್ಬ ಸದಸ್ಯರು: ನಮ್ಮದೂ ಇದೇ ಥರದ ಯೂನಿಟ್. ಕಂಪ್ರೆಸರ್ ಆಗಾಗ ಓವರ್‌ಲೋಡ್‌ನಲ್ಲಿ ನಿಲ್ಲುತ್ತದೆ. ಓಡುವಾಗ ವೋಲ್ಟೇಜ್ 421, 412, 397. ಎಲ್ಲವೂ 400ರ ಆಸುಪಾಸಿನಲ್ಲೇ ಇದೆಯಲ್ಲ, ಸಪ್ಲೈ ಸರಿಯಿದೆ ಎನ್ನಬಹುದಾ?

ಉತ್ತರ: ಇಲ್ಲ, ಸರಿಯಿಲ್ಲ. ಮೂರರ ಸರಾಸರಿ 410. ಅದರಿಂದ ಅತಿ ದೂರ ಇರುವುದು 397, ವ್ಯತ್ಯಾಸ 13. ಅದನ್ನು 410ರಿಂದ ಭಾಗಿಸಿದರೆ ಶೇ. 3.2 ಹತ್ತಿರ. ಪ್ಯಾಕೇಜ್ ಯೂನಿಟ್‌ಗಳಿಗೆ ಸಾಮಾನ್ಯವಾಗಿ ಶೇ. 2ರೊಳಗೆ ಇರಬೇಕು ಎನ್ನುತ್ತಾರೆ. ಮೋಟಾರ್ ವೈಂಡಿಂಗ್‌ನ ಬಿಸಿ ಏರುವುದು ಈ ಅಸಮತೋಲನದ ವರ್ಗದ (3.2 × 3.2ರ) ಸುಮಾರು ಎರಡು ಪಟ್ಟು, ಅಂದರೆ ನಿಮ್ಮಲ್ಲಿ ಶೇ. 20ರಷ್ಟು ಹೆಚ್ಚು. ಓವರ್‌ಲೋಡ್ ಸುಮ್ಮನೆ ಬೀಳುತ್ತಿಲ್ಲ, ಕಂಪ್ರೆಸರನ್ನು ಉಳಿಸುತ್ತಿದೆ. ಅದರ ಸೆಟ್ಟಿಂಗ್ ಏರಿಸಬೇಡಿ.

ಆಂಪ್ ಕೂಡ ಅಸಮವಾಗಿದ್ದರೆ ತಪ್ಪು ಸಪ್ಲೈದೋ ಮೋಟಾರ್‌ದೋ ತಿಳಿಯಲು ಒಂದು ದಾರಿ ಇದೆ. ಮೂರು ಫೇಸನ್ನೂ ಒಂದೊಂದು ಸ್ಥಾನ ಮುಂದಕ್ಕೆ ಜರುಗಿಸಿ: ಒಂದನೆಯದು ಎರಡಕ್ಕೆ, ಎರಡನೆಯದು ಮೂರಕ್ಕೆ, ಮೂರನೆಯದು ಒಂದಕ್ಕೆ. ತಿರುಗುವ ದಿಕ್ಕು ಬದಲಾಗುವುದಿಲ್ಲ. ಹೆಚ್ಚು ಆಂಪ್ ಅದೇ ಸಪ್ಲೈ ಫೇಸಿನ ಜೊತೆ ಜರುಗಿದರೆ ತೊಂದರೆ ಸಪ್ಲೈನಲ್ಲಿ, ಮೋಟಾರಿನ ಅದೇ ಟರ್ಮಿನಲ್‌ನಲ್ಲಿ ಉಳಿದರೆ ಮೋಟಾರಿನಲ್ಲಿ. ಸಪ್ಲೈ ಎಂದಾದರೆ ಸಡಿಲವಾದ ಜಾಯಿಂಟ್, ಸುಟ್ಟ ಕಾಂಟ್ಯಾಕ್ಟ್, ಒಂದೇ ಫೇಸ್ ಮೇಲೆ ಹೇರಿದ ಸಿಂಗಲ್ ಫೇಸ್ ಲೋಡ್ ಹುಡುಕಿ.

ಜನರೇಟರ್ ಇದ್ದರೆ ಅದರ ಮೇಲೂ ಒಮ್ಮೆ ಓಡಿಸಿ ಫೇಸ್ ಕ್ರಮ ನೋಡಿ. ಮೇನ್ಸ್‌ನಲ್ಲಿ ಸರಿಯಾಗಿ ಓಡಿದ ಯೂನಿಟ್ ಜನರೇಟರ್‌ಗೆ ಬಂದೊಡನೆ ಉಲ್ಟಾ ತಿರುಗಬಹುದು. ಆಗ ಬದಲಿಸಬೇಕಾದ್ದು ಚೇಂಜ್‌ಓವರ್‌ನ (ಮೇನ್ಸ್‌ನಿಂದ ಜನರೇಟರ್‌ಗೆ ಬದಲಿಸುವ ಸ್ವಿಚ್‌ನ) ಜನರೇಟರ್ ಬದಿಯ ವೈರು. ಫೇಸ್ ರಿಲೇ (ಫೇಸ್ ಕ್ರಮ ತಪ್ಪಿದರೆ ಯೂನಿಟ್ ಓಡಲು ಬಿಡದ ಸಾಧನ) ಇಲ್ಲದ ಯೂನಿಟ್‌ಗೆ ಒಂದು ಹಾಕಿಸಿಬಿಡಿ.

ಮತ್ತೊಬ್ಬರು: ಸರ್, ನಮ್ಮ ಯೂನಿಟ್ ಇನ್ನೂ ಬರಬೇಕು. ಮೊದಲ ಸಲ ಆನ್ ಮಾಡುವ ಮೊದಲು ಏನೇನು ನೋಡಿಕೊಳ್ಳಬೇಕು?

ಉತ್ತರ: ಕ್ರೇನ್‌ನಲ್ಲಿ ಎತ್ತುವಾಗ ಸ್ಪ್ರೆಡರ್ ಬಾರ್ (ಸ್ಲಿಂಗ್‌ಗಳನ್ನು ಅಗಲಿಸಿ ಹಿಡಿಯುವ ಸಲಾಕೆ) ಕೇಳಿ ಹಾಕಿಸಿ, ಇಲ್ಲದಿದ್ದರೆ ಸ್ಲಿಂಗ್ ಬಿಗಿದು ಕ್ಯಾಬಿನೆಟ್ ನುಗ್ಗಾಗುತ್ತದೆ. ಕರ್ಬ್ (ಯೂನಿಟ್ ಕೂರುವ ಚೌಕಟ್ಟು) ಮೇಲಿನ ಗ್ಯಾಸ್ಕೆಟ್ ಎಲ್ಲೂ ತುಂಡಾಗಿರಬಾರದು, ಯೂನಿಟ್ ಲೆವೆಲ್ ಇರಬೇಕು. ಕಂಡೆನ್ಸರ್ ಬಿಡುವ ಬಿಸಿಗಾಳಿ ಗೋಡೆಗೆ ಬಡಿದು ಮತ್ತೆ ಅದಕ್ಕೇ ಬಾರದಂತೆ ಜಾಗ ಬಿಡಿ. ಸಾಗಣೆಗಾಗಿ ಬಿಗಿದ ಬೋಲ್ಟು, ಕ್ಲಿಪ್ಪುಗಳನ್ನು ಬಿಚ್ಚಿ. ಸಾಗಣೆಯಲ್ಲಿ ಅಲುಗಾಡಿ ಟರ್ಮಿನಲ್ ಸ್ಕ್ರೂಗಳು ಸಡಿಲವಾಗಿರುತ್ತವೆ, ಅವನ್ನು ಬಿಗಿ ಮಾಡಿ. ಪುಲ್ಲಿಗಳು ಒಂದೇ ನೇರದಲ್ಲಿವೆಯೇ ಎಂದು ಪಟ್ಟಿ ಇಟ್ಟು ನೋಡಿ.

ಬಹಳ ಜನ ಬಿಟ್ಟುಬಿಡುವುದು ಕ್ರ್ಯಾಂಕ್‌ಕೇಸ್ ಹೀಟರ್, ಅಂದರೆ ಕಂಪ್ರೆಸರ್‌ನ ಎಣ್ಣೆಯನ್ನು ಬೆಚ್ಚಗಿಡುವ ಹೀಟರ್. ಯೂನಿಟ್‌ಗೆ ಕರೆಂಟ್ ಕೊಟ್ಟು, ಥರ್ಮೋಸ್ಟಾಟ್ ಆಫ್ ಇಟ್ಟು, 24 ಗಂಟೆ ಬಿಡಿ. ನಿಂತ ಕಂಪ್ರೆಸರ್‌ನ ಎಣ್ಣೆಯಲ್ಲಿ ಗ್ಯಾಸ್ ಬೆರೆತು ಕೂತಿರುತ್ತದೆ. ತಣ್ಣಗಿರುವಾಗಲೇ ಶುರು ಮಾಡಿದರೆ ಎಣ್ಣೆ ನೊರೆಯಾಗಿ ಮೇಲೆದ್ದು ಬೇರಿಂಗ್ ಒಣಗುತ್ತದೆ. ಓನರ್ ಅವಸರ ಮಾಡಿದರೂ ಈ ಒಂದು ದಿನವನ್ನು ಬಿಟ್ಟುಕೊಡಬೇಡಿ.

ಶುರು ಮಾಡುವಾಗ ಮೊದಲು ಬ್ಲೋವರ್ ಮಾತ್ರ. ದಿಕ್ಕು, ಆಂಪ್, ಸ್ಟ್ಯಾಟಿಕ್ ಒತ್ತಡ ನೋಡಿ ಗಾಳಿ ಸರಿಮಾಡಿಕೊಳ್ಳಿ. ಪುಲ್ಲಿ ಹೊಂದಿಸಿ ವೇಗ ಏರಿಸುವಾಗ ಎಚ್ಚರ: ವೇಗ ಶೇ. 10 ಏರಿದರೆ ಮೋಟಾರಿನ ಮೇಲಿನ ಹೊರೆ ಶೇ. 33 ಏರುತ್ತದೆ. ಕಂಪ್ರೆಸರ್ ಸರದಿ ಆಮೇಲೆ.

ಅದೇ ಸದಸ್ಯರು: ಹಾಗಾದರೆ ಗ್ಯಾಸ್ ಚೆಕ್ ಮಾಡುವುದು ಯಾವಾಗ?

ಉತ್ತರ: ಗಾಳಿ, ಕರೆಂಟ್ ಎರಡೂ ಸರಿಯಿದೆ ಎಂದಾದ ಮೇಲೆ, ಕಂಪ್ರೆಸರ್ ಕನಿಷ್ಠ 15 ನಿಮಿಷ ಎಡೆಬಿಡದೆ ಓಡಿದ ಮೇಲೆ. ಎಕ್ಸ್‌ಪಾನ್ಶನ್ ವಾಲ್ವ್ ಇರುವ ಯೂನಿಟ್‌ನಲ್ಲಿ ಸಬ್‌ಕೂಲಿಂಗ್ ನೋಡಿ, ಅಂದರೆ ಆ ಒತ್ತಡದಲ್ಲಿ ಗ್ಯಾಸ್ ದ್ರವವಾಗುವ ಉಷ್ಣಾಂಶಕ್ಕಿಂತ ಪೈಪ್ ಎಷ್ಟು ತಣ್ಣಗಿದೆ ಎಂಬುದು. ಲಿಕ್ವಿಡ್ ಲೈನ್‌ನಲ್ಲಿ 365 ಪಿಎಸ್‌ಐ ಇದ್ದರೆ ಆರ್-410ಎಗೆ ಅದು ಸುಮಾರು 43 ಡಿಗ್ರಿ. ಪೈಪಿನ ಮೇಲೆ 37 ಡಿಗ್ರಿ ಸಿಕ್ಕಿದರೆ ಸಬ್‌ಕೂಲಿಂಗ್ 6. ಪ್ಲೇಟ್ ಅಥವಾ ಮ್ಯಾನುಯಲ್ ಹೇಳುವ ಅಂಕಿಯ ಜೊತೆ ಹೋಲಿಸಿ, ಹೊಂದಿದರೆ ಗೇಜ್ ಬಿಚ್ಚಿಬಿಡಿ. ಪ್ಯಾಕೇಜ್ ಯೂನಿಟ್‌ಗೆ ಫ್ಯಾಕ್ಟರಿಯಲ್ಲೇ ತೂಗಿ ಗ್ಯಾಸ್ ತುಂಬಿರುತ್ತಾರೆ, ಪೈಪ್ ಬೆಸುಗೆ ಯಾವುದೂ ಸೈಟಿನಲ್ಲಿ ಇರುವುದಿಲ್ಲ. ಕಮ್ಮಿ ಎಂದು ಖಚಿತವಾದರೆ ಲೀಕ್ ಹುಡುಕಿ, ರಿಪೇರಿ ಮಾಡಿ, ವ್ಯಾಕ್ಯೂಮ್ ಮಾಡಿ, ಪ್ಲೇಟಿನ ತೂಕಕ್ಕೇ ತುಂಬಿಸಿ. ಮೇಲಿನ ಮೊದಲ ಕೇಸಿನಲ್ಲಿ ಆ ಎರಡು ಕೆ.ಜಿ. ಹಾಕಿದ್ದರೆ ಬ್ಲೋವರ್ ಸರಿಹೋದ ದಿನವೇ ಹೈ ಪ್ರೆಶರ್ ಟ್ರಿಪ್ ಶುರುವಾಗುತ್ತಿತ್ತು.

ಈ ಎಲ್ಲ ಅಳತೆಗಳನ್ನೂ ಹೊರಗಿನ ಉಷ್ಣಾಂಶದ ಜೊತೆ ಬರೆದು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸಿ. ಹೊಸ ಬೆಲ್ಟ್ ಮೊದಲ ದಿನಗಳಲ್ಲಿ ಹಿಗ್ಗುತ್ತದೆ, ಒಂದೆರಡು ದಿನ ಓಡಿದ ಮೇಲೆ ಹೋಗಿ ಮತ್ತೆ ಬಿಗಿ ಮಾಡಿ. ಹಾಗೇ ಹೋದಾಗ ಫಿಲ್ಟರ್ ಕೂಡ ತೆಗೆದು ನೋಡಿ, ಕಟ್ಟಡದ ಕೆಲಸದ ಧೂಳು ಅದರಲ್ಲಿ ತುಂಬಿಕೊಂಡಿರುತ್ತದೆ.