ಸಾಫ್ಟ್‌ವೇರ್ ತೋರಿಸುವ ಎಚ್‌ಪಿ ಎಷ್ಟು ನಿಜ? ಟ್ಯೂನರ್ ಜೊತೆ ಪ್ರಶ್ನೋತ್ತರ

ಗಂಗಾವತಿ ಆರ್‌ಎಕ್ಸ್: ಅಣ್ಣಾ, ನನ್ನ ಆರ್‌ಎಕ್ಸ್ 100 ಪೋರ್ಟ್ (ಸಿಲಿಂಡರಿನ ಗಾಳಿ-ಹೊಗೆ ದಾರಿ) ಕೆಲಸ ಆಗಿದೆ. ಅಳತೆ ಎಲ್ಲಾ ಇಂಜಿನ್ ಸಿಮ್ಯುಲೇಶನ್ ಸಾಫ್ಟ್‌ವೇರ್‌ಗೆ ಹಾಕಿದೆ. 18 ಎಚ್‌ಪಿ ತೋರಿಸುತ್ತಿದೆ. ಕಂಪ್ರೆಷನ್ ಏರಿಸಿ, ಟೈಮಿಂಗ್ ಅಡ್ವಾನ್ಸ್ ಮಾಡಿದರೆ, ಅಂದ್ರೆ ಕಿಡಿ ಇನ್ನೂ ಬೇಗ ಹಾರಿಸಿದರೆ, 20. ಕಂಪ್ರೆಷನ್ ಏರಿಸೋಕೆ ನಾಳೆ ಹೆಡ್ ಲೇತಿಗೆ ಕೊಡ್ತೀನಿ. ಸರಿ ಅಲ್ವಾ?

ಬಳ್ಳಾರಿ ಟ್ಯೂನರ್: ಕೊಡಬೇಡ ತಮ್ಮಾ. ಮೊದಲು ಇದನ್ನು ಓದು. ಕಂಪನಿ ಹೇಳಿದ್ದು 7500 ಆರ್‌ಪಿಎಂನಲ್ಲಿ 11 ಎಚ್‌ಪಿ. 18 ಬರಲ್ಲ ಅಂತಲ್ಲ. ಆದರೆ ಪೋರ್ಟಲ್ಲಿ ಗಾಳಿ ಎಷ್ಟು ಹರಿಯುತ್ತೆ ಅಂತ ಫ್ಲೋ ಬೆಂಚ್ ಮೇಲೆ ಅಳೆದಿದ್ದೀಯಾ? ಇಲ್ಲದಿದ್ದರೆ ಸಾಫ್ಟ್‌ವೇರ್ ತನ್ನದೇ ಅಂದಾಜು ಹಾಕಿಕೊಂಡಿರುತ್ತೆ. ಘರ್ಷಣೆ, ಪೆಟ್ರೋಲ್ ಉರಿಯುವ ವೇಗ, ಇವೂ ಅಂದಾಜೇ. ದೊಡ್ಡ ಕಂಪನಿಗಳು ಜಿಟಿ-ಪವರ್ ಎಂಬ ಸಿಮ್ಯುಲೇಶನ್ ಸಾಫ್ಟ್‌ವೇರ್ ಬಳಸುವಾಗಲೂ ಡೈನೋದಲ್ಲಿ (ಪವರ್ ಅಳೆಯುವ ಯಂತ್ರ) ಅಳೆದ ಇಂಜಿನ್‌ಗೆ ಲೆಕ್ಕ ಹೊಂದಿಸಿಕೊಳ್ಳುತ್ತಾರೆ. ಆಮೇಲೆ ಕೆಲವೇ ಪರ್ಸೆಂಟ್ ವ್ಯತ್ಯಾಸ. ಹೊಂದಿಸದಿದ್ದರೆ 10 ಪರ್ಸೆಂಟ್ ತಪ್ಪಿದರೂ ಆಶ್ಚರ್ಯ ಇಲ್ಲ.

ನಿನ್ನದು ಟೂ ಸ್ಟ್ರೋಕ್, ಅದರ ಲೆಕ್ಕ ಇನ್ನೂ ಕಷ್ಟ. ಒಳಗೆ ಬರುವ ಗಾಳಿ-ಪೆಟ್ರೋಲ್ ಮಿಶ್ರಣದಲ್ಲಿ ಒಂದಿಷ್ಟು ಸೈಲೆನ್ಸರ್ ಕಡೆ ಓಡುತ್ತೆ. ಅಲ್ಲಿಂದ ಮರಳುವ ಒತ್ತಡದ ಅಲೆ ಅದನ್ನು ವಾಪಸ್ ತಳ್ಳಬೇಕು. ಆ ಅಲೆಯ ವೇಗ ಪೈಪಿನೊಳಗಿನ ಬಿಸಿಯ ಮೇಲೆ ನಿಂತಿದೆ. ಬಿಸಿ ತಪ್ಪಾಗಿ ಹಾಕಿದರೆ ಪವರ್ ಬರುವ ಆರ್‌ಪಿಎಂ ಕೂಡ ಜರುಗುತ್ತೆ.

ನನಗೆ ಭಯ ಆಗಿರೋದು ನಿನ್ನ 20 ನೋಡಿ. ಸಣ್ಣ ಸಾಫ್ಟ್‌ವೇರ್‌ಗಳು ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಉರಿಯೋದು) ಲೆಕ್ಕ ಸರಿಯಾಗಿ ಮಾಡಲ್ಲ. ಕಂಪ್ರೆಷನ್ ಏರಿಸಿದಷ್ಟೂ ಎಚ್‌ಪಿ ಏರಿಸುತ್ತಾ ಹೋಗುತ್ತವೆ. ನಮ್ಮ ಏಪ್ರಿಲ್ ಬಿಸಿಲು, ಏರ್ ಕೂಲ್ಡ್ ಇಂಜಿನ್, ಮೇಲೆ ಅಡ್ವಾನ್ಸ್ ಟೈಮಿಂಗ್. ಪಿಸ್ಟನ್ ತೂತಾಗುತ್ತೆ, ಇಲ್ಲಾ ಸೀಜ್ ಆಗುತ್ತೆ. ಹೈವೇಯಲ್ಲಿ ಸೀಜ್ ಆಗಿ ಹಿಂದಿನ ಚಕ್ರ ನಿಂತರೆ ನೀನು ಕೆಳಗೆ.

ಈಗ ಇರುವ ಹಾಗೇ ಗಾಡಿಯನ್ನು ಡೈನೋ ಮೇಲೆ ಹಾಕು. ಆ ಗ್ರಾಫ್ ಸಾಫ್ಟ್‌ವೇರಲ್ಲೂ ಬರುವ ತನಕ ಲೆಕ್ಕ ತಿದ್ದು. ಆಮೇಲೆ ಈ ಸೈಲೆನ್ಸರ್ ಮೇಲಾ, ಆ ಸೈಲೆನ್ಸರ್ ಮೇಲಾ ಅಂತ ಅದನ್ನು ಕೇಳು. ಹೋಲಿಸಿ ನೋಡೋಕೆ ಅದು ನಿಜವಾಗಿ ಒಳ್ಳೆಯ ಸಾಧನ.

ಗಂಗಾವತಿ ಆರ್‌ಎಕ್ಸ್: ಲೇತ್‌ನವರಿಗೆ ಅಡ್ವಾನ್ಸ್ ಕೊಟ್ಟಾಗಿದೆ ಅಣ್ಣಾ.

ಬಳ್ಳಾರಿ ಟ್ಯೂನರ್: ಹೋದರೆ ಹೋಗಲಿ. ಹೆಡ್ ಮುಟ್ಟಿಸಬೇಡ.

ಹೊಸಪೇಟೆ: ಸರ್, ಸಾಫ್ಟ್‌ವೇರ್ 20 ಅಂತು, ಡೈನೋದಲ್ಲಿ 17 ಬಂತು. ಡೈನೋ ಮೋಸ ಅಲ್ವಾ?

ಬಳ್ಳಾರಿ ಟ್ಯೂನರ್: ಅಲ್ಲ. ಸಾಫ್ಟ್‌ವೇರ್ ಹೇಳೋದು ಕ್ರ್ಯಾಂಕ್ ಎಚ್‌ಪಿ, ಅಂದ್ರೆ ಇಂಜಿನ್ನಿನಲ್ಲೇ ಸಿಗೋದು. ಡೈನೋ ಅಳೆದದ್ದು ಹಿಂದಿನ ಚಕ್ರದಲ್ಲಿ. ನಡುವೆ ಗೇರ್, ಚೈನಿನಲ್ಲಿ ಸ್ವಲ್ಪ ಕಳೆದುಹೋಗುತ್ತೆ. ಜೊತೆಗೆ 42 ಡಿಗ್ರಿಯ ಗಾಳಿ 25 ಡಿಗ್ರಿಯ ಗಾಳಿಗಿಂತ ಸುಮಾರು 5 ಪರ್ಸೆಂಟ್ ತೆಳು. ಆ ಬಿಸಿಗೆ ತಕ್ಕ ಕರೆಕ್ಷನ್ ಡೈನೋದವರು ಹಾಕಿದ್ದಾರಾ ಕೇಳಿ.

ಸಿಂಧನೂರು: ಸರ್, ನಮ್ಮ ಟ್ರ್ಯಾಕ್ಟರ್ ಪಿಟಿಒದಲ್ಲಿ (ಉಪಕರಣ ತಿರುಗಿಸುವ ಹಿಂದಿನ ಶಾಫ್ಟ್) ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಎಚ್‌ಪಿ ಬರುತ್ತೆ, ಯಾಕೆ?

ಕಂಪ್ಲಿ: ಫಾರ್ವರ್ಡ್ ಬಂದಿದೆ: ಪೆಟ್ರೋಲ್ ಟ್ಯಾಂಕಿಗೆ ನಾಲ್ಕು ಡಾಂಬರು ಗುಳಿಗೆ ಹಾಕಿ, ಪವರ್ ಜಾಸ್ತಿ.

ಬಳ್ಳಾರಿ ಟ್ಯೂನರ್: ಹಾಕಬೇಡಿ. ಅದು ಮತ್ತೆ ಹರಳುಗಟ್ಟಿ ಕಾರ್ಬುರೇಟರ್ ಜೆಟ್ ಕಟ್ಟಿಕೊಳ್ಳುತ್ತೆ. ಇಂಥದ್ದನ್ನು ಗುಂಪಿಗೆ ಹಾಕಲೂ ಬೇಡಿ.

ಕೊಪ್ಪಳ ಗ್ಯಾರೇಜ್: ಚಕ್ರದ ಎಚ್‌ಪಿಗೆ 15 ಪರ್ಸೆಂಟ್ ಕೂಡಿಸಿ, ಕ್ರ್ಯಾಂಕ್ ಎಚ್‌ಪಿ ಬಂತು. ಎಲ್ಲಾ ಗಾಡಿಗೂ ಅಷ್ಟೇ.

ಹೊಸಪೇಟೆ: ಬೈಕಿಗೂ ಲಾರಿಗೂ ಒಂದೇ ಲೆಕ್ಕಾನಾ?

ಕೊಪ್ಪಳ ಗ್ಯಾರೇಜ್: ನೀವು ಸ್ಪ್ಯಾನರ್ ಹಿಡಿಯೋ ಮೊದಲಿಂದ ನಾನು ಗ್ಯಾರೇಜ್ ನಡೆಸ್ತಿದ್ದೀನಿ.

ಹೊಸಪೇಟೆ: ನಿಮ್ಮ ಗ್ಯಾರೇಜಲ್ಲಿ ಡೈನೋ ಇದೆಯೇನ್ರೀ? ಇಲ್ಲಾ ಅಂದ್ರೆ ಸುಮ್ನೆ ಇರಿ.

ಬಳ್ಳಾರಿ ಟ್ಯೂನರ್: 15 ಪರ್ಸೆಂಟ್ ಬರೀ ಅಂದಾಜು. ಗಾಡಿಯಿಂದ ಗಾಡಿಗೆ ಬದಲಾಗುತ್ತೆ. ಇಬ್ಬರೂ ನಿಲ್ಲಿಸಿ.

ಸಿರುಗುಪ್ಪ: ಸರ್, ಸಾಫ್ಟ್‌ವೇರ್‌ಗೂ ಡೈನೋಗೂ 3 ಎಚ್‌ಪಿ ವ್ಯತ್ಯಾಸ, ಯಾಕೆ?

ಬಳ್ಳಾರಿ ಟ್ಯೂನರ್: ಮೇಲೆ ಬರೆದಿದ್ದೇನೆ, ಓದಿ.

ಸಿಂಧನೂರು: ಟ್ರ್ಯಾಕ್ಟರ್ ಪ್ರಶ್ನೆಗೆ ಯಾರೂ ಉತ್ತರ ಕೊಡಲ್ವಾ?

ಕೊಪ್ಪಳ ಗ್ಯಾರೇಜ್: ಗೌರವ ಇಲ್ಲದ ಕಡೆ ನಾನಿರಲ್ಲ.