ಐದು ವರ್ಷ ಹಳೆಯ ಗೇಮಿಗೆ ಯಾವ ರಿವ್ಯೂ ನಂಬಬೇಕು?

ಕೋಥ್ರೂಡ್ ಕನ್ನಡಿಗ, ಪುಣೆ

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯಲ್ಲಿರುವ ಚಿಕ್ಕಪ್ಪನ ಮಗ ಹನ್ನೆರಡನೇ ಕ್ಲಾಸು ಪಾಸಾಗಿದ್ದಾನೆ. ಒಂದು ಗೇಮ್ ಕೊಡಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಅವನಿಗೆ ಬೇಕಿರುವುದು ಸೈಬರ್‌ಪಂಕ್ 2077. ಮನೆಯಲ್ಲಿರುವುದು ಸೋನಿಯ ಹಳೆಯ ಗೇಮ್ ಮೆಷಿನ್, ಪಿಎಸ್4. ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಡಿಸ್ಕ್ ಇದೆಯಂತೆ, ರೇಟೂ ಪರವಾಗಿಲ್ಲ.

ಕೊಡಿಸುವ ಮುಂಚೆ ಓದೋಣ ಅಂತ ಕೂತರೆ ತಲೆ ಕೆಟ್ಟುಹೋಯಿತು. ಎಲ್ಲ ಪತ್ರಿಕೆಗಳ ಸ್ಕೋರ್ ಸೇರಿಸಿ ನೂರಕ್ಕೆ ಸರಾಸರಿ ಕೊಡುವ ಮೆಟಾಕ್ರಿಟಿಕ್ ಸೈಟಿನಲ್ಲಿ ಪಿಸಿಗೆ 86, ಅದೇ ಗೇಮ್ ಪಿಎಸ್4ಗೆ 57. 2020ರ ಡಿಸೆಂಬರಿನ ಬರಹಗಳನ್ನು ಓದಿದರೆ ಇಷ್ಟು ಕೆಟ್ಟ ಗೇಮ್ ಇನ್ನೊಂದಿಲ್ಲ ಅನ್ನಿಸುತ್ತದೆ. ಈಗಿನ ವಿಡಿಯೊ ನೋಡಿದರೆ ಎಲ್ಲರೂ ಹಾಡಿ ಹೊಗಳುತ್ತಿದ್ದಾರೆ. 2023ರಲ್ಲಿ ಗೇಮ್ ಅವಾರ್ಡ್ಸ್‌ನಲ್ಲಿ ಪ್ರಶಸ್ತಿ ಬೇರೆ ಬಂದಿದೆ. ಗೇಮ್ ಅಷ್ಟೊಂದು ಸುಧಾರಿಸಿದೆ ಅಂದರೆ ಹಳೆ ಸ್ಕೋರನ್ನು ಯಾಕೆ ಹಾಗೇ ಬಿಟ್ಟಿದ್ದಾರೆ? ಹೊಸದಾಗಿ ಕೊಳ್ಳುವವರಿಗೆ ಅದು ದಾರಿ ತಪ್ಪಿಸುವುದಿಲ್ಲವಾ? ನಾನು ಯಾವುದನ್ನು ನಂಬಲಿ?

ಬಗ್ ಬೇಟೆ, ಪುಣೆ

ಮೊದಲು ನಿಮ್ಮ ತಮ್ಮನ ವಿಷಯ. ಆ ಡಿಸ್ಕ್ ಕೊಳ್ಳಬೇಡಿ. ಈಗ ನೀವು ಕೇಳುತ್ತಿರುವ ಹೊಗಳಿಕೆ ಇದೆಯಲ್ಲ, ಅದು ಪಿಎಸ್4ನಲ್ಲಿ ಓಡುವ ಗೇಮಿನದ್ದಲ್ಲ. 2023ರ ಸೆಪ್ಟೆಂಬರಿನಲ್ಲಿ ಬಂದ 2.0 ಅಪ್‌ಡೇಟ್ ಸ್ಕಿಲ್ಲು, ಪೊಲೀಸರು, ಹೊಡೆದಾಟ ಎಲ್ಲವನ್ನೂ ಬದಲಾಯಿಸಿತು. ಅದು ಬಂದಿದ್ದು ಪಿಸಿ, ಪಿಎಸ್5 ಮತ್ತು ಹೊಸ ಎಕ್ಸ್‌ಬಾಕ್ಸ್‌ಗೆ ಮಾತ್ರ. ಅದರ ಜೊತೆ ಬಂದ ಫ್ಯಾಂಟಮ್ ಲಿಬರ್ಟಿ ಅನ್ನುವ ಹೆಚ್ಚುವರಿ ಕಥಾಭಾಗ ಕೂಡ ಅಷ್ಟೇ. ಪಿಎಸ್4ಗೆ 2022ರ 1.6 ಅಪ್‌ಡೇಟೇ ಕೊನೆಯ ದೊಡ್ಡದು. ಮೊದಲ ದಿನದಷ್ಟು ಹಾಳಾಗಿಲ್ಲ ನಿಜ, ಆದರೆ ಯೂಟ್ಯೂಬಿನಲ್ಲಿ ನೋಡಿದ್ದು ಅವನ ಟಿವಿಯಲ್ಲಿ ಬರುವುದಿಲ್ಲ. ಪಾಪ, ಹುಡುಗ ಬೇಜಾರು ಮಾಡಿಕೊಳ್ಳುತ್ತಾನೆ.

ಇನ್ನು 86 ಮತ್ತು 57ರ ಕಥೆ. ನಾನು ಗೇಮ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ, ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗೇಮ್ ಹೊರಬರುವ ಮುಂಚೆ ಕಂಪನಿಯೇ ವಿಮರ್ಶಕರಿಗೆ ಕಾಪಿ ಕಳಿಸುತ್ತದೆ, ಇಂಥ ದಿನದವರೆಗೆ ಏನೂ ಬರೆಯಬಾರದು ಅನ್ನುವ ಕರಾರಿನ ಮೇಲೆ. ಸೈಬರ್‌ಪಂಕ್ ವಿಷಯದಲ್ಲಿ ಕಳಿಸಿದ್ದು ಪಿಸಿ ಕಾಪಿ ಮಾತ್ರ. ವಿಡಿಯೊದಲ್ಲೂ ತಾವೇ ಆಡಿ ರೆಕಾರ್ಡ್ ಮಾಡಿದ್ದನ್ನು ತೋರಿಸುವಂತಿರಲಿಲ್ಲ, ಕಂಪನಿ ಕೊಟ್ಟ ದೃಶ್ಯಗಳನ್ನೇ ಹಾಕಬೇಕಿತ್ತು. ಡಿಸೆಂಬರ್ 10ಕ್ಕೆ ಗೇಮ್ ಬಂತು. ಪಿಎಸ್4ನಲ್ಲಿ ಆಡಿದವರಿಗೆ ಗೊತ್ತಾಯಿತು, ಬೀದಿಯಲ್ಲಿ ಜನರೇ ಇಲ್ಲ, ಮುಖಗಳು ಮಂಕಾಗಿ ಕಾಣುತ್ತವೆ, ಗಳಿಗೆಗೊಮ್ಮೆ ಗೇಮ್ ಕ್ರ್ಯಾಶ್ ಆಗಿ ಹೋಮ್ ಸ್ಕ್ರೀನಿಗೆ ಬಂದು ನಿಲ್ಲುತ್ತದೆ. ಸುಮಾರು ಒಂದು ವಾರಕ್ಕೇ ಸೋನಿ ತನ್ನ ಸ್ಟೋರಿನಿಂದ ಗೇಮನ್ನೇ ತೆಗೆದುಹಾಕಿ ದುಡ್ಡು ವಾಪಸ್ ಕೊಡಲು ಶುರು ಮಾಡಿತು. ಮತ್ತೆ ಅಲ್ಲಿ ಕಾಣಿಸಿದ್ದು 2021ರ ಜೂನ್‌ನಲ್ಲಿ. ಅಂದರೆ 86 ಸುಳ್ಳಲ್ಲ, 57 ಕೂಡ ಸುಳ್ಳಲ್ಲ. ಯಾವ ಮೆಷಿನ್, ಯಾವ ತಾರೀಕು, ಯಾವ ಆವೃತ್ತಿ, ಈ ಮೂರು ಗೊತ್ತಿಲ್ಲದೆ ಸ್ಕೋರ್ ಒಂದನ್ನೇ ಹಿಡಿದುಕೊಂಡರೆ ಅದಕ್ಕೆ ಅರ್ಥವೇ ಇಲ್ಲ.

ಹಳೆ ಸ್ಕೋರ್ ಯಾಕೆ ಬದಲಾಗುವುದಿಲ್ಲ ಅಂತ ಕೇಳಿದಿರಿ. ಮೆಟಾಕ್ರಿಟಿಕ್ ಒಂದು ಪತ್ರಿಕೆ ಮೊದಲು ಕೊಟ್ಟ ಸ್ಕೋರನ್ನಷ್ಟೇ ತೆಗೆದುಕೊಳ್ಳುತ್ತದೆ. ಆಮೇಲೆ ಪತ್ರಿಕೆಯವರು ಮನಸ್ಸು ಬದಲಾಯಿಸಿದರೂ ಅಲ್ಲಿ ಲೆಕ್ಕಕ್ಕಿಲ್ಲ. ಪತ್ರಿಕೆಯವರು ಬದಲಾಯಿಸಲು ಹೊರಟರೂ ಪೇಚಾಟವೇ. 2013ರಲ್ಲಿ ಸಿಮ್‌ಸಿಟಿ ಅನ್ನುವ ಗೇಮ್ ಬಂದಾಗ ಪಾಲಿಗಾನ್ ಅನ್ನುವ ಗೇಮ್ ಸೈಟ್ ಹತ್ತಕ್ಕೆ 9.5 ಕೊಟ್ಟಿತು. ಸರ್ವರ್ ಬಿದ್ದು ಜನ ಒಳಗೇ ಹೋಗಲಾಗದೆ ಒದ್ದಾಡಿದಾಗ 8ಕ್ಕೆ ಇಳಿಸಿತು, ಆಮೇಲೆ 4, ಕೊನೆಗೆ 6.5. ನನ್ನ ಅಭಿಪ್ರಾಯ ಕೇಳಿದರೆ ಹಳೆಯದನ್ನು ಮುಟ್ಟಲೇಬಾರದು. ಅದರ ಪಕ್ಕದಲ್ಲಿ ತಾರೀಕು ಹಾಕಿ ಹೊಸದನ್ನು ಬರೆಯಬೇಕು.

ಠಾಣೆ ಲೋಕಲ್, ಮುಂಬೈ

ಬಗ್ ಬೇಟೆಯವರ ಕೊನೆಯ ಮಾತಿಗೆ ನನ್ನದೂ ಒಂದು ಓಟು. ಮೊದಲ ದಿನ ಪೂರ್ತಿ ದುಡ್ಡು ಕೊಟ್ಟು ಅರ್ಧ ಬೆಂದ ಗೇಮ್ ತೆಗೆದುಕೊಂಡು ಹೋದವನ ಪರವಾಗಿ ಮಾತಾಡಿದ ಸಾಕ್ಷಿ ಆ ಹಳೆ ಸ್ಕೋರ್ ಒಂದೇ. ಅದನ್ನೂ ಅಳಿಸಿಬಿಟ್ಟರೆ ಕಂಪನಿಗಳಿಗೆ ಇನ್ನೇನು ಭಯ? ನೋ ಮ್ಯಾನ್ಸ್ ಸ್ಕೈ 2016ರಲ್ಲಿ ಬಂದಾಗ ಹೇಳಿದ್ದ ಎಷ್ಟೋ ವಿಷಯ ಅದರಲ್ಲಿ ಇರಲೇ ಇಲ್ಲ. ಅದನ್ನು ಮಾಡಿದ ಪುಟ್ಟ ತಂಡ ವರ್ಷಗಟ್ಟಲೆ ಕೂತು, ಅಪ್‌ಡೇಟುಗಳಿಗೆ ಒಂದು ಪೈಸೆಯನ್ನೂ ಕೇಳದೆ ಗೇಮನ್ನು ಎತ್ತಿ ನಿಲ್ಲಿಸಿತು. 2024ರಲ್ಲಿ ಪಿಸಿ ಗೇಮ್ ಮಾರುವ ಸ್ಟೀಮ್ ಸ್ಟೋರಿನಲ್ಲಿ ಆಡಿದವರು ಕೊಟ್ಟ ಒಟ್ಟು ರೇಟಿಂಗ್ ತುಂಬಾ ಒಳ್ಳೆಯದು ಅನ್ನುವ ಮಟ್ಟಕ್ಕೆ ಬಂತು. ಅವರ ಶ್ರಮಕ್ಕೆ ದೊಡ್ಡ ನಮಸ್ಕಾರ. ಆದರೆ ಈ ಒಂದು ಉದಾಹರಣೆ ಹಿಡಿದುಕೊಂಡು ಈಗ ಎಲ್ಲರೂ ಮೊದಲು ಮಾರೋಣ, ಆಮೇಲೆ ಸರಿ ಮಾಡೋಣ ಅನ್ನುತ್ತಾರೆ. ಎಷ್ಟು ಜನ ಆಮೇಲೆ ಸರಿ ಮಾಡುತ್ತಾರೆ ಹೇಳಿ?

ಮಾಟುಂಗಾ ಮಾಮ, ಮುಂಬೈ

ನೀವೆಲ್ಲ ಪ್ಯಾಚ್, ಅಂದರೆ ತಿದ್ದುಪಡಿಯ ಅಪ್‌ಡೇಟ್, ಬಂದು ಬದಲಾದ ಗೇಮಿನ ಬಗ್ಗೆ ಮಾತಾಡುತ್ತಿದ್ದೀರಿ ಮಾರಾಯ್ರೆ. ಒಂದಕ್ಷರವೂ ಬದಲಾಗದ ಗೇಮಿನ ಕಥೆ ಕೇಳಿ. ಪಿಎಸ್2ಗೆ 2006ರಲ್ಲಿ ಗಾಡ್ ಹ್ಯಾಂಡ್ ಅಂತ ಬಂತು. ಐಜಿಎನ್ ಅನ್ನುವ ಗೇಮ್ ಸೈಟ್ ಕೊಟ್ಟಿದ್ದು ಹತ್ತಕ್ಕೆ 3. ಆ ಕಾಲದಲ್ಲಿ ಪಿಎಸ್2 ಗೇಮಿಗೆ ಪ್ಯಾಚ್ ಗೀಚ್ ಏನೂ ಇರಲಿಲ್ಲ, ಡಿಸ್ಕಿನಲ್ಲಿ ಏನಿತ್ತೋ ಅದೇ. ಇವತ್ತು ಹೊಡೆದಾಟದ ಗೇಮ್ ಇಷ್ಟಪಡುವವರನ್ನು ಕೇಳಿ ನೋಡಿ, ಅದರ ಹೆಸರು ಎತ್ತಿದರೆ ಕಣ್ಣರಳಿಸುತ್ತಾರೆ. ಕ್ಯಾಮೆರಾ ಹೀರೊನ ಬೆನ್ನಿಗೇ ಅಂಟಿಕೊಂಡಿರುತ್ತದೆ. ಬಲಗಡೆಯ ಸ್ಟಿಕ್ ಕ್ಯಾಮೆರಾಗಲ್ಲ, ಏಟು ತಪ್ಪಿಸಿಕೊಳ್ಳಲು. ಯಾವ ಬಟನ್ನಿಗೆ ಯಾವ ಹೊಡೆತ ಅನ್ನುವುದನ್ನು ನೀವೇ ಜೋಡಿಸಿಕೊಳ್ಳಬೇಕು. ಚೆನ್ನಾಗಿ ಆಡಿದಷ್ಟೂ ಎದುರಾಳಿಗಳು ಜೋರಾಗುತ್ತಾರೆ. ಇದೆಲ್ಲ ಕೈಗೆ ಕೂರಲು ಸಮಯ ಬೇಕು. ಗಡುವಿನೊಳಗೆ ಮುಗಿಸಿ ಬರೆಯಬೇಕಾದವನಿಗೆ ಆ ಸಮಯ ಎಲ್ಲಿಂದ ಬರಬೇಕು?

ಇದರ ತಿರುಗುಮುರುಗೂ ಇದೆ. ಜಿಟಿಎ 4 ಗೇಮಿಗೆ 2008ರಲ್ಲಿ ಮೆಟಾಕ್ರಿಟಿಕ್‌ನಲ್ಲಿ ಬಂದಿದ್ದು 98. ಹಾಡುಗಳ ಹತ್ತು ವರ್ಷದ ಲೈಸೆನ್ಸ್ ಮುಗಿಯಿತು ಅಂತ 2018ರಲ್ಲಿ ಅದರ ರೇಡಿಯೊದಿಂದ ಎಷ್ಟೋ ಹಾಡುಗಳನ್ನು ತೆಗೆದರು. ಗೇಮಿನೊಳಗಿನ ವ್ಲಾದಿವೋಸ್ಟಾಕ್ ಎಫ್ಎಂ ಸ್ಟೇಷನ್ ಹಾಕಿಕೊಂಡು ರಾತ್ರಿ ಆ ಊರಲ್ಲಿ ಕಾರು ಓಡಿಸುವುದೇ ಆ ಗೇಮಿನ ಜೀವ. ಅದೇ ಈಗ ಮೊದಲಿನ ಹಾಗಿಲ್ಲ. ಆದರೂ ಸ್ಕೋರ್ ಮಾತ್ರ 98 ಅಂತಲೇ ಇದೆ. ನನಗೆ ಜಾಸ್ತಿ ನೋವಾಗುವುದು ಇದೇ. ಹಾಳಾದದ್ದು ಸರಿಹೋದರೆ ಎಲ್ಲರೂ ಬರೆಯುತ್ತಾರೆ, ಚೆನ್ನಾಗಿದ್ದದ್ದು ಸವೆದರೆ ಯಾರೂ ಬರೆಯುವುದಿಲ್ಲ.

ನಿಗಡಿ ನಿವಾಸಿ, ಪುಣೆ

ಮಾಮ, ನಮ್ಮೂರಿನ ಗೇಮುಗಳ ವಿಷಯದಲ್ಲಿ ಇದು ಇನ್ನೂ ಕಷ್ಟ. ಪುಣೆಯ ನೋಡಿಂಗ್ ಹೆಡ್ಸ್ ತಂಡ 2020ರಲ್ಲಿ ರಾಜಿ ಅನ್ನುವ ಗೇಮ್ ತಂತು. ಚಿತ್ರಗಳು, ಕೋಟೆ, ಗೋಡೆಯ ಮೇಲಿನ ಕಥೆಗಳು ಕಣ್ಣಿಗೆ ಹಬ್ಬ. ಹೊಡೆದಾಟ ಬಿಗಿಯಾಗಿಲ್ಲ, ಕಥೆ ತಟ್ಟನೆ ನಿಂತುಬಿಡುತ್ತದೆ. ಈ ಎರಡನ್ನೂ ಒಟ್ಟಿಗೆ ಹೇಳಿದ ರಿವ್ಯೂ ನಮ್ಮವರಿಂದ ಕಂಡಿದ್ದು ಕಡಿಮೆ. ನಮ್ಮವರದ್ದು ಅಂತ ಹತ್ತಕ್ಕೆ ಹತ್ತು ಕೊಟ್ಟವರು ಒಂದು ಕಡೆ, ಆಡದೆಯೇ ಬೈದವರು ಇನ್ನೊಂದು ಕಡೆ. ಮುಂದಿನ ಗೇಮ್ ಮಾಡುವವರಿಗೆ ಇದರಿಂದ ಏನು ಸಿಕ್ಕಿತು? ಆಡಿಯೇ ಇಲ್ಲದ ಗೇಮಿಗೆ ತೀರ್ಪು ಕೊಡುವುದೂ ಇದೆ. ಪ್ರಿನ್ಸ್ ಆಫ್ ಪರ್ಷಿಯಾದ ಹೊಸ ರೂಪವನ್ನು ಯೂಬಿಸಾಫ್ಟ್‌ನ ಪುಣೆ, ಮುಂಬೈ ಸ್ಟುಡಿಯೊಗಳು ಮಾಡುತ್ತಿದ್ದವು. 2020ರ ಸೆಪ್ಟೆಂಬರಿನಲ್ಲಿ ಟ್ರೇಲರ್ ಬಂದದ್ದೇ ತಡ, ಹಿಗ್ಗಾಮುಗ್ಗಾ ಟೀಕೆ. 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. ಇಲ್ಲಿಯವರು ಮಾಡಿದ್ದು ಕೈಯಲ್ಲಿ ಹಿಡಿದಾಗ ಹೇಗಿರುತ್ತಿತ್ತು ಅಂತ ನಮಗೆ ಯಾವತ್ತೂ ಗೊತ್ತಾಗುವುದಿಲ್ಲ.

ಕೋಥ್ರೂಡ್ ಕನ್ನಡಿಗ, ಪುಣೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಮ್ಮನಿಗೆ ಫೋನ್ ಮಾಡಿ 2.0 ವಿಷಯ ಹೇಳಿದೆ, ಅವನಿಗೂ ಗೊತ್ತಿರಲಿಲ್ಲ. ದೀಪಾವಳಿ ಹೊತ್ತಿಗೆ ಚಿಕ್ಕಪ್ಪ ಪಿಎಸ್5 ಕೊಡಿಸುವ ಮಾತಿದೆಯಂತೆ. ಹಾಗಾದರೆ ಈ ಪಿಎಸ್4 ಡಿಸ್ಕ್ ಆಗ ಉಪಯೋಗಕ್ಕೆ ಬರುತ್ತದಾ?

ಬಗ್ ಬೇಟೆ, ಪುಣೆ

ಬರುತ್ತದೆ. ಪಿಎಸ್4 ಡಿಸ್ಕ್ ಇದ್ದವರಿಗೆ ಪಿಎಸ್5 ಆವೃತ್ತಿ ಫ್ರೀ. ಆದರೆ ಡಿಸ್ಕ್ ಹಾಕುವ ಜಾಗ ಇರುವ ಪಿಎಸ್5 ಬೇಕು, ಡಿಸ್ಕ್ ಡ್ರೈವ್ ಇಲ್ಲದ ಡಿಜಿಟಲ್ ಮಾಡೆಲ್ ಆದರೆ ಪ್ರಯೋಜನವಿಲ್ಲ. ಇದನ್ನು ಚಿಕ್ಕಪ್ಪನಿಗೆ ಈಗಲೇ ಹೇಳಿ. ಗೇಮಿನ ಬಹುಪಾಲು ಡೌನ್‌ಲೋಡ್ ಆಗಬೇಕು, ಮನೆಯಲ್ಲಿ ವೈಫೈ ಚೆನ್ನಾಗಿರಲಿ. ಫ್ಯಾಂಟಮ್ ಲಿಬರ್ಟಿಗೆ ಮಾತ್ರ ಬೇರೆ ದುಡ್ಡು ಕೊಡಬೇಕಾಗುತ್ತದೆ.