ಪದಚರ್ಚೆ: 'ವರ್ಕಿಂಗ್ ಇಕ್ವಿಟೇಷನ್'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕುದುರೆ ಸವಾರಿಯ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹದಲ್ಲೇ ಸಿಕ್ಕಿಕೊಂಡೆ. ಆಟದ ಹೆಸರು 'ವರ್ಕಿಂಗ್ ಇಕ್ವಿಟೇಷನ್'. ನಿಘಂಟು ಹಿಡಿದು ಹೊರಟರೆ 'ಕಾರ್ಯನಿರತ ಅಶ್ವಾರೋಹಣ' ಆಗುತ್ತದೆ. ಕಾರ್ಯನಿರತ ಪತ್ರಕರ್ತರ ಹಾಗೆ ಕುದುರೆಗಳೂ ಸಂಘ ಕಟ್ಟಿಕೊಂಡಿವೆಯೇನೋ ಅನಿಸುತ್ತದೆ, ಅಲ್ವಾ?

ಇಲ್ಲಿ 'ವರ್ಕಿಂಗ್' ಅಂದರೆ ಯಾವ ಕೆಲಸ ಅನ್ನುವುದೇ ಮುಖ್ಯ. ಕುದುರೆ ಮೇಲೆ ಕೂತು ದನ ಕಾಯುವ ಕೆಲಸ. ಸ್ಪೇನಿನಲ್ಲಿ ಇಂಥವರನ್ನು ವಾಕೆರೊ ಅನ್ನುತ್ತಾರೆ, ಪೋರ್ಚುಗಲ್‌ನಲ್ಲಿ ಕಂಪೀನೊ, ಇಟಲಿಯ ಮರೆಮ್ಮಾದಲ್ಲಿ ಬುಟ್ಟೆರೊ, ಫ್ರಾನ್ಸಿನ ಕಮಾರ್ಗ್‌ನಲ್ಲಿ ಗಾರ್ಡಿಯಾನ್. ಇವರ ದಿನದ ಕೆಲಸವೇ ಆಮೇಲೆ ಸ್ಪರ್ಧೆಯಾಯಿತು. ಮೊದಲ ಯುರೋಪಿಯನ್ ಚಾಂಪಿಯನ್‌ಷಿಪ್ 1996ರಲ್ಲಿ ಇಟಲಿಯಲ್ಲಿ ನಡೆಯಿತು. 2004ರಲ್ಲಿ ಇದಕ್ಕೇ ಅಂತ ಒಂದು ಅಂತರರಾಷ್ಟ್ರೀಯ ಸಂಸ್ಥೆಯೂ ಹುಟ್ಟಿತು.

ನನಗೆ ಮೊದಲು ಹೊಳೆದದ್ದು 'ಗೇಮೆ'. ಒಳ್ಳೆಯ ಪದ, ಮಣ್ಣಿನ ವಾಸನೆ ಇದೆ. ಆದರೆ ಗೇಮೆ ಅಂದ ಕೂಡಲೇ ನೇಗಿಲು ಎಳೆಯುವ ಎತ್ತು ಕಣ್ಮುಂದೆ ಬರುತ್ತದೆ. ಜೊತೆಗೆ 'ಗೇಮೆ ಸವಾರಿ' ಅಂತ ಬರೆದರೆ ಅರ್ಧ ಜನ ಅದನ್ನು 'ಗೇಮ್' ಅಂತಲೇ ಓದುತ್ತಾರೆ. 'ದುಡಿಮೆ ಸವಾರಿ' ಅಂದರೆ ಜಟಕಾ ನೆನಪಾಗುತ್ತದೆ. 'ರಾವುತ' ಕೈಯಲ್ಲಿ ಕತ್ತಿ ಹಿಡಿದೇ ಬರುತ್ತಾನೆ, ದನ ಕಾಯುವವನಲ್ಲ. ಕೊನೆಗೆ 'ದನಗಾಹಿ ಸವಾರಿ'ಗೆ ಬಂದು ನಿಂತಿದ್ದೇನೆ. ಇದಕ್ಕೂ ಒಂದು ತಕರಾರು ಇದೆ. ಪೋರ್ಚುಗೀಸಿನ ಹೆಸರಿನಲ್ಲೂ 'ಕೆಲಸ' ಮಾತ್ರ ಇದೆ, ದನ ಇಲ್ಲ. ಸ್ಪರ್ಧೆಯಲ್ಲಿ ದನ ಅಟ್ಟುವ ಸುತ್ತು ಒಂದಿದೆ, ಅದೂ ಎಲ್ಲ ಕಡೆ ಇರುವುದಿಲ್ಲ. ಆದರೂ ಓದುವವರಿಗೆ ಚಿತ್ರ ಕಟ್ಟಿಕೊಡುವುದು ಇದೊಂದೇ ಅನ್ನುವುದು ನನ್ನ ಲೆಕ್ಕ.

ಇನ್ನು ಸುತ್ತುಗಳ ಹೆಸರು. ಮೊದಲನೆಯದು ಡ್ರೆಸೇಜ್, ಸವಾರನ ಸೂಚನೆಯಂತೆ ಕುದುರೆ ಗೊತ್ತುಮಾಡಿದ ನಡೆಗಳನ್ನು ಮಾಡಿ ತೋರಿಸುವುದು. ಇದನ್ನು ಕುದುರೆಗೆ ಸಿಂಗಾರ ಮಾಡುವ ಸ್ಪರ್ಧೆ ಅಂದುಕೊಂಡವರನ್ನು ನೋಡಿದ್ದೇನೆ. ಫ್ರೆಂಚಿನಲ್ಲಿ ಅದರ ಅರ್ಥ ತರಬೇತಿ. ಸ್ಪೇನಿನವರು 'ದೋಮಾ' ಅನ್ನುತ್ತಾರೆ, ಅಂದರೆ ಪಳಗಿಸುವುದು. ಹಾಗಾಗಿ 'ಪಳಗಿಕೆ ಸುತ್ತು' ಅಂದರೆ ಹೊಂದುತ್ತದೆ. ಅಡೆತಡೆಗಳನ್ನು ಬೇಗ ಬೇಗ ದಾಟುವ ವೇಗದ ಸುತ್ತಿಗೆ ಹೆಸರು ಸುಲಭ. ಅಲ್ಲಿ ಗಡಿಯಾರವೇ ದೊಡ್ಡದು. ತಪ್ಪಾದರೆ ಸೆಕೆಂಡು ಸೇರಿಸುತ್ತಾರೆ.

ತೊಡಕಿರುವುದು ಇವೆರಡರ ನಡುವಿನ ಸುತ್ತಿನಲ್ಲಿ. ಇಂಗ್ಲಿಷಿನಲ್ಲಿ 'ಈಸ್ ಆಫ್ ಹ್ಯಾಂಡ್ಲಿಂಗ್'. ಅಡೆತಡೆಗಳು ಹೆಚ್ಚುಕಡಿಮೆ ವೇಗದ ಸುತ್ತಿನವೇ, ಆದರೆ ಇಲ್ಲಿ ಆತುರ ಇಲ್ಲ. ಎಷ್ಟು ಚೆನ್ನಾಗಿ ಮಾಡಿದರು ಅನ್ನುವುದಕ್ಕೆ ಅಂಕ. ಅಡೆತಡೆಗಳಲ್ಲಿ ಒಂದಾದ ಬಾಗಿಲನ್ನೇ ನೋಡಿ. ಸವಾರ ಕುದುರೆಯನ್ನು ಬಾಗಿಲ ಪಕ್ಕಕ್ಕೆ ತಂದು ನಿಲ್ಲಿಸುತ್ತಾನೆ. ಬಗ್ಗಿ ಚಿಲಕ ತೆಗೆಯುತ್ತಾನೆ, ದಾಟುತ್ತಾನೆ, ಮತ್ತೆ ಹಾಕುತ್ತಾನೆ. ಅಷ್ಟು ಹೊತ್ತೂ ಕೈ ಬಾಗಿಲ ಮೇಲೇ ಇರಬೇಕು. ಬಿಟ್ಟರೆ ಅಂಕ ಹೋಯಿತು. ಯಾಕೆ ಅಂತ ದನ ಸಾಕಿದವರಿಗೆ ಹೇಳಬೇಕಾಗಿಲ್ಲ, ಕೈ ಬಿಟ್ಟ ಗಳಿಗೆಯಲ್ಲೇ ಕರು ಆಚೆ ಇರುತ್ತದೆ. ಈ ಬಾಗಿಲಿಗೆ ಮೊದಲು 'ಉಣಗೋಲು' ಅಂತ ಬರೆದು ಖುಷಿಪಟ್ಟಿದ್ದೆ. ಆಮೇಲೆ ಹೊಡೆದು ಹಾಕಿದೆ. ಉಣಗೋಲಿನಲ್ಲಿ ಗಳಗಳನ್ನು ಎಳೆಯಬೇಕು, ಇಲ್ಲಿ ಬಾಗಿಲು ತಿರುಗಬೇಕು.

ಉಳಿದವು ಪುಕ್ಕಟೆ ಸಿಕ್ಕವು. ಎರಡು ಕೋಲುಗಳ ನಡುವೆ ಹೋಗಿ ಗಂಟೆ ಬಾರಿಸಿ ಹಿಂದಡಿ ಇಡುತ್ತಾ ಬರುವುದಕ್ಕೆ 'ಗಂಟೆ ಓಣಿ'. ಕುದುರೆ ಸುತ್ತು ಹೊಡೆಯುವ ಡ್ರಮ್ಮಿಗೆ 'ಪೀಪಾಯಿ'. ಬೇಲಿಯೊಳಗಿನ ಬೇಲಿಗೆ 'ದೊಡ್ಡಿ'. ಸುತ್ತಿನ ಹೆಸರಿಗೆ ಮಾತ್ರ 'ಸುಲಭ ನಿರ್ವಹಣೆ' ಅಂತ ಬರೆಯಲು ಮನಸ್ಸು ಒಪ್ಪುತ್ತಿಲ್ಲ, ಮಿಕ್ಸಿ ಜಾಹೀರಾತಿನ ಹಾಗಿದೆ. 'ಮಾತು ಕೇಳುವ ಸುತ್ತು' ಅಂದರೆ ಹೇಗೆ? ಎತ್ತು ಮಾತು ಕೇಳುತ್ತದೆ ಅನ್ನುತ್ತೇವೆ, ಕುದುರೆಗೂ ಸಲ್ಲಬೇಕು.

ಸುಮ್ನೆ ಒಂದು ಮಾತು: ಲಗಾಮು, ಕಡಿವಾಣ ಎರಡನ್ನೂ ಬೆರೆಸಿ ಬಳಸುತ್ತೇವೆ. ಈ ಬರಹದಲ್ಲಿ ಅದು ನಡೆಯುವುದಿಲ್ಲ. ಸ್ಪರ್ಧೆಯ ಮೇಲಿನ ಹಂತದಲ್ಲಿ ಒಂದೇ ಕೈಯಲ್ಲಿ ಲಗಾಮು ಹಿಡಿದು ಸವಾರಿ ಮಾಡಬೇಕು. ಕೈಯಲ್ಲಿರುವ ಪಟ್ಟಿಗೆ ಲಗಾಮು, ಬಾಯೊಳಗಿನ ಕಬ್ಬಿಣಕ್ಕೆ ಕಡಿವಾಣ ಅಂತ ಬೇರೆ ಮಾಡಿಕೊಂಡಿದ್ದೇನೆ.

ಈಗ ನಿಜವಾದ ಪ್ರಶ್ನೆ. 'ಗರ್ರೋಚಾ' ಅಂತ ಒಂದಿದೆ. ಆಳಿಗಿಂತ ಉದ್ದದ ಮರದ ಕೋಲು, ದನಗಳನ್ನು ತಿರುಗಿಸಲು ಬಳಸುವುದು. ಸ್ಪರ್ಧೆಯಲ್ಲಿ ಅದನ್ನು ಓಟದಲ್ಲೇ ಪೀಪಾಯಿಯಿಂದ ಎತ್ತಿಕೊಂಡು, ಹೋರಿಯ ಆಕಾರದ ಹಲಗೆಯ ಮೇಲಿನ ಬಳೆಗೆ ತುದಿ ತೂರಿಸಿ, ಇನ್ನೊಂದು ಪೀಪಾಯಿಗೆ ಹಾಕಬೇಕು. ಉಂಗುರ ಅನ್ನಬಹುದಿತ್ತು, ಅದು ಬೆರಳಿನದು ಅಂತ ಬಳೆ ಮಾಡಿದೆ. ಕೋಲಿಗೇ ಹೆಸರಿಲ್ಲ. ಈಟಿ, ಭರ್ಜಿ ಯುದ್ಧದವು. ಬಾರುಕೋಲು ಗಿಡ್ಡ, ಮೇಲಾಗಿ ಹೊಡೆಯುವ ಸಾಧನ. ದೋಟಿಯ ಉದ್ದ ಸರಿಯಾಗಿದೆ, ಆದರೆ ತುದಿಗೆ ಕೊಕ್ಕೆ ಇರುತ್ತದೆ, ಹಣ್ಣು ಕೀಳಲು ಹೊರಟಂತಾಗುತ್ತದೆ. 'ಗಳ' ಒಂದೇ ಉಳಿದದ್ದು. ಗಳ ಅಂದರೆ ಬಿದಿರೇ ಆಗಬೇಕಾ, ಬೇರೆ ಮರದ್ದಕ್ಕೂ ನಡೆಯುತ್ತದಾ? ನಿಮ್ಮ ಕಡೆ ದನ ಅಟ್ಟುವ ಉದ್ದ ಕೋಲಿಗೆ ಬೇರೆ ಹೆಸರೇನಾದರೂ ಇದ್ದರೆ ದಯವಿಟ್ಟು ತಿಳಿಸಿ.